ರಾಮಪತ್ರೆಯ ಇನ್ನೊಬ್ಬ ಪಾಲುದಾರ

2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಸಿಗಂದೂರು ಸೇತುವೆ ತೆರೆದ ಮೇಲೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವ ಕೆಲಸ ತಪ್ಪಿತು. ಹಾಗೆ ಉಳಿದ ಹೊತ್ತನ್ನು ದೊಡ್ಡ ಮಂಗಟ್ಟೆಗೆ ಕೊಡಿ ಎಂದು ಹಕ್ಕಿ ನೋಡುವವರಲ್ಲಿ ನನ್ನ ಕೋರಿಕೆ. ಹಿನ್ನೀರಿನ ಬೋಳು ದಡದಲ್ಲಿ ಅದು ಸಿಗುವುದು ಕಷ್ಟ. ಶರಾವತಿ ಕಣಿವೆ, ಕೊಡಚಾದ್ರಿ, ಆಗುಂಬೆ ಕಡೆಯ ದಟ್ಟ ಕಾಡಿಗೆ ಹೋಗಿ, ಮೊದಲು ಮರ ಹುಡುಕಬೇಕು. ಗೋಳಿಯೋ ಬಸರಿಯೋ ಹಣ್ಣಾಗಿದ್ದರೆ ಬುಡದಿಂದ ದೂರ ಕೂತು ಕಿವಿಗೊಡಿ. ಹಕ್ಕಿಗಿಂತ ಮುಂಚೆ ರೆಕ್ಕೆಯ ಸದ್ದು ಬರುತ್ತದೆ. ರೆಕ್ಕೆಯಡಿ ದೊಡ್ಡ ಗರಿಗಳ ಬುಡ ಮುಚ್ಚುವ ಪುಕ್ಕವಿಲ್ಲ. ಸಂದಿಯಲ್ಲಿ ನುಗ್ಗುವ ಗಾಳಿ ಬುಸುಗುಡುತ್ತದೆ.

ಕೊಂಬೆಗೆ ಬಂದು ಕೂತಾಗ ದುರ್ಬೀನು ಕಣ್ಣಿನ ಮೇಲಿರಲಿ. ಹಕ್ಕಿಯ ಕಣ್ಣು ಕೆಂಪಗಿದ್ದರೆ ಗಂಡು, ಬೆಳ್ಳಗಿದ್ದರೆ ಹೆಣ್ಣು. ಕತ್ತಿನ ಬಿಳಿ ಗರಿಗೆ ಹತ್ತಿದ ಹಳದಿ, ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಅದು ತಾನೇ ಬಳಿದುಕೊಂಡದ್ದು. ಅಷ್ಟು ದೊಡ್ಡ ಕೊಕ್ಕಿನ ತುದಿಯಲ್ಲಿ ಒಂದೇ ಒಂದು ಹಣ್ಣು ಕಿತ್ತು, ಮೇಲಕ್ಕೆ ಚಿಮ್ಮಿ ಗಂಟಲಿಗೆ ಇಳಿಸುವ ನಾಜೂಕು ನಮ್ಮ ಕಾಡಿನ ಬೇರೆ ಯಾವ ಹಕ್ಕಿಗೂ ಇಲ್ಲವೆಂದೇ ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ಹೆಣ್ಣು ಪೊಟರೆಯೊಳಗೆ ಸೇರಿ, ಬಾಯಿಗೆ ಹಿಕ್ಕೆ ಮೆತ್ತಿ, ಸಣ್ಣ ಸೀಳು ಮಾತ್ರ ಉಳಿಸಿಕೊಂಡಿರುತ್ತದೆ. ಗಂಡು ಗಂಟಲಲ್ಲಿ ತುಂಬಿ ತಂದ ಹಣ್ಣನ್ನು ಒಂದೊಂದಾಗಿ ತೆಗೆದು ಆ ಸೀಳಿನಲ್ಲಿ ಕೊಡುತ್ತದೆ. ಆಗ ಬೇಕಾದದ್ದು ಕೊಬ್ಬಿನಂಶ ಹೆಚ್ಚಿರುವ ರಾಮಪತ್ರೆ ಜಾತಿಯ ಹಣ್ಣು. ಅದೇ ಹೊತ್ತಿಗೆ ನಾವೂ ದೋಟಿ ಹಿಡಿದು ಆ ಮರದಡಿ ನಿಲ್ಲುತ್ತೇವೆ. ಬೀಜಕ್ಕೆ ಸುತ್ತಿಕೊಂಡಿರುವ ಪತ್ರೆಗೆ ಮಸಾಲೆ ವ್ಯಾಪಾರದಲ್ಲಿ ಬೆಲೆಯಿದೆ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನು ಎಂಬ ಅವಸರದಲ್ಲಿ ಬಿರಿಯುವ ಮೊದಲೇ ಕಾಯಿ ಉದುರಿಸುವವರಿದ್ದಾರೆ. ಎಳೆಯ ಪತ್ರೆ ತೂಗುವುದಿಲ್ಲ, ಬಲಿಯದ ಬೀಜ ಮೊಳೆಯುವುದಿಲ್ಲ, ಹಕ್ಕಿಗೂ ಏನೂ ಉಳಿಯುವುದಿಲ್ಲ. ಮಂಗಟ್ಟೆಯಾದರೆ ಪತ್ರೆಯನ್ನಷ್ಟೇ ಅರಗಿಸಿಕೊಂಡು ಬೀಜವನ್ನು ಇಡಿಯಾಗಿ ಕಕ್ಕುತ್ತದೆ, ಎಷ್ಟೋ ಸಲ ತಾಯಿಮರದಿಂದ ದೂರ, ಕಾಡಿನ ತಂಪಿನಲ್ಲಿ. ಒಣಗಿದರೆ ಸತ್ತೇಹೋಗುವ ಆ ಬೀಜಕ್ಕೆ ಇದಕ್ಕಿಂತ ಒಳ್ಳೆಯ ಬಿತ್ತನೆ ಇಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕೊಯ್ಲುಗಾರರೇ, ಕಾಯಿ ಬಿರಿದ ಮೇಲೆ ಕೊಯ್ಯಿರಿ, ನೆತ್ತಿಯ ಕೊಂಬೆಗಳನ್ನು ಮುಟ್ಟಬೇಡಿ. ಕ್ಯಾಮೆರಾ ಹಿಡಿದು ಬರುವವರು ಪೊಟರೆ ಕಂಡರೆ ಅಲ್ಲಿ ನಿಲ್ಲದೆ ಮುಂದೆ ನಡೆಯಿರಿ. ಮನುಷ್ಯರು ನಿಂತಷ್ಟು ಹೊತ್ತೂ ಗಂಡು ಹತ್ತಿರ ಬರಲು ಅಂಜುತ್ತದೆ, ಒಳಗೆ ತಾಯಿ ಮರಿ ಹಸಿದಿರುತ್ತವೆ.