ರಂಗಮಂದಿರದಿಂದ ಸಂತೆಬೀದಿಗೆ

ನಾಸಿಕದ ವಿಜಯಾನಂದ ನಾಟ್ಯಗೃಹದಲ್ಲಿ 1909ರ ಡಿಸೆಂಬರ್ 21ರ ರಾತ್ರಿ ಗೋವಿಂದ ಬಲ್ಲಾಳ ದೇವಲರ 'ಶಾರದಾ' ನಾಟಕವಿತ್ತು. ಮುದುಕನಿಗೆ ಎಳೆಯ ಹುಡುಗಿಯನ್ನು ಕಟ್ಟುವ ದುಷ್ಟ ಪದ್ಧತಿಯನ್ನು ಖಂಡಿಸುವ ನಾಟಕವದು. ಬಡ್ತಿ ಪಡೆದು ಊರು ಬಿಡಲಿದ್ದ ಕಲೆಕ್ಟರ್ ಜಾಕ್ಸನ್ ಅದನ್ನು ನೋಡಲು ಬಂದರು. ಅನಂತ ಲಕ್ಷ್ಮಣ ಕಾನ್ಹೇರೆ ಎಂಬ ತರುಣ ಬ್ರೌನಿಂಗ್ ಪಿಸ್ತೂಲಿನಿಂದ ಅವರನ್ನು ಕೊಂದ. ನಾಲ್ಕೇ ತಿಂಗಳಲ್ಲಿ, 1910ರ ಏಪ್ರಿಲ್ 19ರಂದು, ಕರ್ವೆ ಮತ್ತು ದೇಶಪಾಂಡೆ ಎಂಬ ಇಬ್ಬರು ಸಂಗಡಿಗರೊಂದಿಗೆ ಆತ ಠಾಣೆಯ ಜೈಲಿನಲ್ಲಿ ಗಲ್ಲಿಗೇರಿದ.

ಕಾನ್ಹೇರೆ ಇಂಗ್ಲಿಷ್ ಕಲಿಯಲು ಬಂದು ನೆಲೆಸಿದ್ದುದು ಔರಂಗಾಬಾದಿನಲ್ಲಿ, ಅಂದರೆ ವಾಳೂಜಿನ ಕಾರ್ಖಾನೆಗಳಿಗಾಗಿ ಬಂದ ನಾವೀಗ ಮಕ್ಕಳನ್ನು ಓದಿಸುತ್ತಿರುವ ಈ ಛತ್ರಪತಿ ಸಂಭಾಜಿನಗರದಲ್ಲಿ. ಅಂದು ಅದು ನಮ್ಮ ಬೀದರ, ಕಲಬುರಗಿಗಳಂತೆಯೇ ನಿಜಾಮನ ಸೀಮೆ. ಇಂದು ನಾಸಿಕದ ಕ್ರಿಕೆಟ್ ಮೈದಾನಕ್ಕೆ 'ಹುತಾತ್ಮ ಅನಂತ ಕಾನ್ಹೇರೆ' ಎಂಬ ಹೆಸರಿದೆ. ಆಳುವವರ ಕಡತದಲ್ಲಿ ಕೊಲೆಗಾರ, ಜನರ ನೆನಪಿನಲ್ಲಿ ಹುತಾತ್ಮ. ಕೊಲೆಗೀಡಾದ ಜಾಕ್ಸನ್ನರೂ ಬರಿಯ ದರ್ಪದ ಅಧಿಕಾರಿಯಲ್ಲ. ಸಂಸ್ಕೃತ ಬಲ್ಲವರು, ಗುಜರಾತ, ಕೊಂಕಣಗಳ ಜನಪದ ನಂಬಿಕೆಗಳನ್ನು ಸಂಗ್ರಹಿಸಿಟ್ಟವರು. ಅವರ ಮರಣಾನಂತರ ಎಂಥೋವನ್ ಎಂಬ ವಿದ್ವಾಂಸರು ಆ ಸಾಮಗ್ರಿಯನ್ನು ಎರಡು ಸಂಪುಟಗಳಾಗಿ ಹೊರತಂದರು. ಆದರೆ ಬಾಬಾರಾವ್ ಸಾವರಕರರನ್ನು ವಿಚಾರಣೆಗೆ ಒಪ್ಪಿಸಿದ್ದವರೂ ಇವರೇ. ಪಾಂಡಿತ್ಯ ಬೇರೆ, ಅಧಿಕಾರದ ಕುರ್ಚಿ ಬೇರೆ. ಹುಡುಗ ಗುರಿಯಿಟ್ಟದ್ದು ಕುರ್ಚಿಗೆ.

ನಾವು ಇಲ್ಲಿ ಹುತಾತ್ಮರನ್ನೂ ಇಂದಿನ ಹಂತಕರನ್ನೂ ಒಂದೇ ತಕ್ಕಡಿಯಲ್ಲಿ ತೂಗಹೊರಟಿಲ್ಲ. ನಮ್ಮ ಜಿಜ್ಞಾಸೆ ವಿಧಾನವನ್ನು ಕುರಿತದ್ದು. ಭಯವನ್ನು ಆಯುಧ ಮಾಡಿಕೊಂಡವರು ಯಾರನ್ನು ಕೊಲ್ಲುತ್ತಾರೆ, ಕೊಂದ ಮೇಲೆ ಎಲ್ಲಿ ನಿಲ್ಲುತ್ತಾರೆ, ಕಲೆ ಅದನ್ನು ಹೇಗೆ ನೋಡಿದೆ ಎಂಬಿಷ್ಟು.

ಈ ಪ್ರಶ್ನೆಯನ್ನು ರಂಗದ ಮೇಲೆ ನೇರವಾಗಿ ತಂದವರು ಫ್ರೆಂಚ್ ಲೇಖಕ ಆಲ್ಬೇರ್ ಕಮೂ, 1949ರ ತಮ್ಮ 'ನ್ಯಾಯನಿಷ್ಠರು' ಎಂಬರ್ಥದ ಹೆಸರಿನ ನಾಟಕದಲ್ಲಿ. ವಸ್ತು ಐತಿಹಾಸಿಕ: 1905ರಲ್ಲಿ ಮಾಸ್ಕೋದಲ್ಲಿ ಝಾರ್ ಮನೆತನದ ಸೆರ್ಗೈಯನ್ನು ಕೊಂದ ಕಲ್ಯಾಯೇವ್‌ನ ಕಥೆ. ಮೊದಲ ಸಲ ಬಾಂಬು ಹಿಡಿದು ನಿಂತಾಗ ಸಾರೋಟಿನಲ್ಲಿ ಮಕ್ಕಳು ಕಾಣುತ್ತಾರೆ. ಕೈ ಮೇಲೇಳುವುದಿಲ್ಲ, ಹಿಂತಿರುಗುತ್ತಾನೆ. ಸ್ತೆಪಾನ್ ಎಂಬ ಸಂಗಡಿಗ ಕಿಡಿಕಾರುತ್ತಾನೆ. ದೋರಾ ಎಂಬಾಕೆ ಕಲ್ಯಾಯೇವ್‌ನ ಪರ ನಿಲ್ಲುತ್ತಾಳೆ. ಎರಡನೆಯ ಸಲ ಎಸೆದವನು ಸಿಕ್ಕಿಬಿದ್ದು ಸಾವನ್ನು ಒಪ್ಪಿಕೊಳ್ಳುತ್ತಾನೆ. ಕೊಂದುದಕ್ಕೆ ತನ್ನ ಪ್ರಾಣವೇ ಬೆಲೆ ಎಂಬ ಲೆಕ್ಕ ಅವನದು. ನಾಟಕದಲ್ಲಿ ಚರ್ಚೆ ಅತಿಯಾಯಿತು, ಪಾತ್ರಗಳು ಬಾಯಿ ತೆರೆದರೆ ಸಿದ್ಧಾಂತವೇ ಎಂಬ ಆಕ್ಷೇಪ ನಮಗೂ ಇದೆ. ಆದರೆ ಆ ಕೈ ತಡೆದ ಗಳಿಗೆ ಮರೆಯುವಂಥದ್ದಲ್ಲ.

ಎಲ್ಲ ಕಡೆ ಹೀಗಾಗಲಿಲ್ಲ. 1908ರಲ್ಲಿ ಮುಜಫ್ಫರಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಕಿಂಗ್ಸ್‌ಫರ್ಡ್‌ನದೆಂದು ತಿಳಿದು ಎಸೆದ ಬಾಂಬಿಗೆ ಕೆನಡಿ ಎಂಬ ತಾಯಿ-ಮಗಳು ಬಲಿಯಾದರು. ಗುರಿಯಿಟ್ಟೇ ಹೊಡೆದರೂ ಗುರಿ ತಪ್ಪುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು 1929ರ ಏಪ್ರಿಲ್ 8ರಂದು ದಿಲ್ಲಿಯ ಶಾಸನಸಭೆಯಲ್ಲಿ ಯಾರೂ ಸಾಯದಂತೆ ಬಾಂಬೆಸೆದು, ಓಡದೆ ನಿಂತು ಸೆರೆಯಾದುದು ಇದರ ಹಿನ್ನೆಲೆಯಲ್ಲಿ ಗಮನಾರ್ಹ.

ಮುಂದೆ ಗುರಿ ಎಂಬುದೇ ಮಾಯವಾಯಿತು. 1985ರಲ್ಲಿ 'ಕನಿಷ್ಕ' ವಿಮಾನ ಆಕಾಶದಲ್ಲೇ ಸಿಡಿದು 329 ಮಂದಿ ಸತ್ತಾಗ ಕೊಂದವರಿಗೆ ಅವರಾರೂ ಶತ್ರುಗಳಲ್ಲ, ಪರಿಚಿತರೂ ಅಲ್ಲ. 1993ರ ಮಾರ್ಚ್ 12ರ ಶುಕ್ರವಾರ ಮುಂಬಯಿಯ ಷೇರುಪೇಟೆಯಿಂದ ಮೊದಲ್ಗೊಂಡು ಏರ್ ಇಂಡಿಯಾ ಕಟ್ಟಡ, ಪ್ಲಾಜಾ ಚಿತ್ರಮಂದಿರ, ವರಳಿ, ಝವೇರಿ ಬಜಾರ್ ಎಂದು ಆರ್‌ಡಿಎಕ್ಸ್ ಸಿಡಿದು 257 ಜನ ಸತ್ತರು. ಮುಂಬಯಿ ಕನ್ನಡಿಗರಿಗೆ ಈ ಹೆಸರುಗಳನ್ನು ಪರಿಚಯಿಸಬೇಕಿಲ್ಲ. ದಿನಾ ನೌಕರಿಗೆ ಓಡಾಡುವ ದಾರಿಗಳೇ ಅವು.

ಈ ಘಟನೆಯನ್ನು ಕುರಿತ ಅನುರಾಗ್ ಕಶ್ಯಪರ 'ಬ್ಲ್ಯಾಕ್ ಫ್ರೈಡೇ' ಹಿಂದಿ ಚಿತ್ರ, ಹುಸೇನ್ ಝೈದಿಯವರ ಪುಸ್ತಕವನ್ನು ಆಧರಿಸಿದ್ದು, ನ್ಯಾಯಾಲಯದ ತಡೆಯಿಂದ ಬಹುಕಾಲ ಡಬ್ಬದಲ್ಲಿದ್ದು 2007ರಲ್ಲಿ ತೆರೆಗೆ ಬಂತು. ಕಮೂ ನಾಟಕದ ಪಕ್ಕದಲ್ಲಿಟ್ಟು ನೋಡಿದರೆ ಇದರ ಮಹತ್ತ್ವ ತಿಳಿಯುತ್ತದೆ. ಇಲ್ಲಿ ವಾದವಿಲ್ಲ, ಆತ್ಮಶೋಧನೆ ತೀರ ಕಡಿಮೆ. ಹೇಳಿದಲ್ಲಿ ವಾಹನ ನಿಲ್ಲಿಸಿ ಬರುವ ಹುಡುಗರಿದ್ದಾರೆ. ಸಂಚು ಹೂಡಿದವರು ಊರು ಬಿಟ್ಟ ಮೇಲೆ ಬಾದಶಾಹ್ ಖಾನ್ ಊರೂರು ಅಲೆಯುತ್ತ, ಹಣವಿಲ್ಲದೆ, ತನ್ನನ್ನು ನಂಬಿಸಿದವರ ಬರವನ್ನು ಕಾಯುತ್ತ ಕುಗ್ಗುವ ಭಾಗ ಚಿತ್ರದ ಜೀವಾಳ. ಆದಿತ್ಯ ಶ್ರೀವಾಸ್ತವ ಅದನ್ನು ಅಬ್ಬರವಿಲ್ಲದೆ ಅಭಿನಯಿಸಿದ್ದಾರೆ. ಪೋಲೀಸರ ಹಿಂಸೆಯನ್ನೂ ಚಿತ್ರ ಮುಚ್ಚಿಡುವುದಿಲ್ಲ. ಡಿಸೆಂಬರ್-ಜನವರಿಯ ಗಲಭೆಯನ್ನು ತಡವಾಗಿ ತಂದದ್ದು ನಮಗೆ ಸರಿಯೆನಿಸಿತು: ಹೆಣಗಳನ್ನು ನೋಡಿದ ಮೇಲೆ ಕಾರಣ ಕೇಳಿದರೆ ಕಾರಣ ಅರ್ಥವಾದೀತು, ಆದರೆ ಸಮರ್ಥನೆಯಾಗಲಾರದು. ಕೊರತೆಯೊಂದೇ, ಅದೂ ದೊಡ್ಡದೇ. ಸತ್ತ 257 ಮಂದಿಯಲ್ಲಿ ಒಬ್ಬನಾದರೂ ನಮಗೆ ಪಾತ್ರವಾಗಿ ಪರಿಚಯವಾಗುವುದಿಲ್ಲ. ಸಿಡಿಸಿದವನ ಬೆನ್ನಟ್ಟಿದ ಕ್ಯಾಮರಾ ಸತ್ತವನ ಮನೆಯ ಬಾಗಿಲಿಗೆ ಹೋಗಲಿಲ್ಲ.

(ನಮ್ಮ ಕನ್ನಡ ಚಿತ್ರರಂಗ 1999ರಲ್ಲಿ ಬಂದೂಕಿನ ಹೆಸರನ್ನೇ 'ಎಕೆ 47' ಎಂದು ಚಿತ್ರಕ್ಕಿಟ್ಟಿತು, ಆಯುಧ ಎಷ್ಟು ಬೇಗ ಮನೆಮಾತಾಗುತ್ತದೆ ನೋಡಿ!)

1993ರಲ್ಲಿ ಸ್ಕೂಟರುಗಳಲ್ಲೂ ಸ್ಫೋಟಕ ತುಂಬಿದ್ದರು. 2008ರ ಸೆಪ್ಟೆಂಬರ್ 29ರಂದು ನಾಸಿಕ ಜಿಲ್ಲೆಯ ಮಾಲೆಗಾಂವಿನ ಭಿಕ್ಕು ಚೌಕದಲ್ಲಿ ಆರು ಜನರನ್ನು ಕೊಂದ ಸ್ಫೋಟದಲ್ಲಿ ಪ್ರಸ್ತಾಪವಾದುದು ಮೋಟಾರ್ ಸೈಕಲ್. 1985ರಿಂದ ವಾಳೂಜು ಬದುಕಿರುವುದೇ ಇಂಥ ಎರಡು ಚಕ್ರದ ಗಾಡಿಗಳಿಂದ. ಪಾಳಿ ಮುಗಿಸಿ ಮನೆಗೆ ಬರಲು, ಮಗಳನ್ನು ಶಾಲೆಗೆ ಬಿಡಲು ಮಾಡಿದ ವಸ್ತು. ಬೀದಿಯಲ್ಲಿ ಯಾರೂ ವಾರಸುದಾರರಿಲ್ಲದೆ ನಿಂತ ಗಾಡಿಯನ್ನು ಕಂಡು ನಮ್ಮ ಹೆಂಗಸರು ಮಕ್ಕಳ ಕೈಹಿಡಿದು ದೂರ ಸರಿಯುತ್ತಾರಲ್ಲ, ಹೊಸ ವಿಧಾನ ಗೆದ್ದಿರುವುದು ಅಲ್ಲಿ. 2006ರ ಮೇ ತಿಂಗಳಲ್ಲಿ ಚಾಂದವಡ-ಮನಮಾಡ ರಸ್ತೆಯಲ್ಲಿ ಆರ್‌ಡಿಎಕ್ಸ್, ಎಕೆ-47 ಬಂದೂಕುಗಳು ಸಿಕ್ಕಾಗ ಪತ್ರಿಕೆಗಳು ಅದನ್ನು ಔರಂಗಾಬಾದ್ ಪ್ರಕರಣವೆಂದು ಕರೆದವು. ಊರಿನ ಹೆಸರು ಹೇಳಿದರೆ ಪರಸ್ಥಳದ ಜನ ಹುಬ್ಬೇರಿಸುವ ಕಾಲವೂ ಬಂತು.

ಇನ್ನೊಂದು ಬದಲಾವಣೆಯನ್ನು ಯಾವ ನಾಟಕವೂ, ನಮಗೆ ತಿಳಿದಂತೆ, ಇನ್ನೂ ಕೈಗೆತ್ತಿಕೊಂಡಿಲ್ಲ. ಕಾನ್ಹೇರೆ ಸಭೆಯ ನಡುವೆ ಸಿಕ್ಕಿದ, ಕಲ್ಯಾಯೇವ್ ಒಪ್ಪಿಕೊಂಡ. ಇಂದು ಸಿಡಿಸಿದವನಿಗೆ ಮುಖವಿಲ್ಲ. 2006ರ ಮಾಲೆಗಾಂವ್ ಸ್ಫೋಟದಲ್ಲಿ ಮೊದಲು ಬಂಧಿತರಾದವರನ್ನು ನ್ಯಾಯಾಲಯ 2016ರಲ್ಲಿ ಆರೋಪಮುಕ್ತಗೊಳಿಸಿತು. 2006ರ ಜುಲೈ 11ರ ಮುಂಬಯಿ ಲೋಕಲ್ ರೈಲು ಸ್ಫೋಟಗಳಲ್ಲಿ ಕೆಳನ್ಯಾಯಾಲಯ ಶಿಕ್ಷಿಸಿದ್ದ ಹನ್ನೆರಡೂ ಮಂದಿಯನ್ನು ಮುಂಬಯಿ ಹೈಕೋರ್ಟು 2025ರ ಜುಲೈ 21ರಂದು ದೋಷಮುಕ್ತಗೊಳಿಸಿತು. ಹತ್ತೇ ದಿನಗಳ ಮೇಲೆ, ಜುಲೈ 31ರಂದು, 2008ರ ಮಾಲೆಗಾಂವ್ ಮೊಕದ್ದಮೆಯ ಏಳು ಆರೋಪಿಗಳೂ ವಿಶೇಷ ನ್ಯಾಯಾಲಯದಲ್ಲಿ ಬಿಡುಗಡೆಯಾದರು. ಒಂದರಲ್ಲಿ ಆರೋಪಿಗಳು ಒಂದು ಧರ್ಮದವರು, ಇನ್ನೊಂದರಲ್ಲಿ ಇನ್ನೊಂದು ಧರ್ಮದವರು. ಭಿಕ್ಕು ಚೌಕದಲ್ಲಿ ಸತ್ತವರ ಮನೆಯವರು ಹದಿನೇಳು ವರ್ಷ ಕಾದರು. ತೀರ್ಪಿನ ದಿನ ಮನೆಗೆ ಒಯ್ಯಲು ಅವರಿಗೆ ಕೊಂದವನ ಹೆಸರು ಸಿಗಲಿಲ್ಲ.