ಬೆರ್ಶೆನಿ ರಾವುತರ ಚರಿತ್ರೆ: ಅನುವೃತ್ತಿಯ ವಿಚಾರ

ಫ್ರಾನ್ಸ್ ದೇಶದ ಸೈನ್ಯದಲ್ಲಿ ಒಂದನೆಯ ಹುಸಾರ್ ರೆಜಿಮೆಂಟು ಎಂಬ ರಾವುತರ ದಳವೊಂದುಂಟು. 1720ರಲ್ಲಿ ಹುಟ್ಟಿದ ಈ ದಳವು ಸ್ಥಾಪಕನ ಹೆಸರಿನಿಂದ ಇಂದಿಗೂ 'ಬೆರ್ಶೆನಿ' ಎಂದು ಕರೆಯಿಸಿಕೊಳ್ಳುತ್ತದೆ. ಇಂತಹ ದಳಗಳ ಚರಿತ್ರೆಯನ್ನು ಬರೆಯುವುದು ಫ್ರೆಂಚರಲ್ಲಿ ಒಂದು ಪ್ರತ್ಯೇಕವಾದ ಸಾಹಿತ್ಯಪ್ರಕಾರವಾಗಿಯೇ ಬೆಳೆದಿದೆ. ಜನರಲ್ ಸ್ಯುಜಾನನು 1874ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ಫ್ರೆಂಚ್ ಅಶ್ವಸೈನ್ಯದ ಇತಿಹಾಸವು ಅವುಗಳಲ್ಲಿ ಪ್ರಸಿದ್ಧವಾದುದು. ಈ ಗ್ರಂಥಗಳಲ್ಲಿನ ಪರಿಶ್ರಮವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ 1720ರ ದಳವೂ ಇಂದಿನ ದಳವೂ ಒಂದೇ ಎಂದು ಈ ಪ್ರಕಾರದ ಲೇಖಕರು ಹೇಳುವಾಗ, ಆ 'ಒಂದೇ' ಎಂಬುದಕ್ಕೆ ಪ್ರಮಾಣವೇನೆಂದು ಕೇಳುವ ಅಧಿಕಾರವು ವಾಚಕನಿಗೆ ಇದ್ದೇ ಇದೆ.

ಮೊದಲು ಉತ್ಪತ್ತಿಯನ್ನು ನೋಡೋಣ. ಹ್ಯಾಪ್ಸ್‌ಬರ್ಗ್ ಚಕ್ರವರ್ತಿಗಳ ವಿರುದ್ಧವಾಗಿ ಹಂಗೇರಿಯ ರಾಕೋತ್ಸಿ ರಾಜಪುತ್ರನು 1703ರಿಂದ 1711ರ ವರೆಗೆ ಹೋರಾಡಿ ಸೋತನು. ಅವನ ಸೇನಾನಿಗಳಲ್ಲಿ ಮುಖ್ಯನಾದ ಮಿಕ್ಲೋಶ್ ಬೆರ್ಚೇನಿಯು ಕೊನೆಗೆ ಒಡೆಯನೊಡನೆ ತುರುಷ್ಕರ ರೊದೊಸ್ತೊ ಪಟ್ಟಣದಲ್ಲಿ ದೇಶಭ್ರಷ್ಟನಾಗಿ ನೆಲಸಿ, 1725ರಲ್ಲಿ ಅಲ್ಲಿಯೇ ತೀರಿಕೊಂಡನು. ಮಗನಾದ ಲಾಸ್ಲೋ ಫ್ರಾನ್ಸಿಗೆ ಬಂದು, ತುರುಷ್ಕರ ನಾಡಿನಲ್ಲಿ ಚದರಿದ್ದ ಸ್ವದೇಶೀಯರನ್ನೇ ಆಯ್ದು ಕರೆತಂದು ಈ ದಳವನ್ನು ಕಟ್ಟಿದನು. 1758ರಲ್ಲಿ ಫ್ರಾನ್ಸಿನ ಮಾರ್ಷಲ್ ಪದವಿಗೇರಿದನು. ಫ್ರೆಂಚರ ಬಾಯಲ್ಲಿ 'ಬೆರ್ಚೇನಿ'ಯು 'ಬೆರ್ಶೆನಿ' ಆಯಿತು. ಮನೆಯನ್ನು ಕಳೆದುಕೊಂಡವರ ಗುಂಪೊಂದು ಪರರಾಜನ ಲಾಂಛನದಡಿಯಲ್ಲಿ ತನ್ನ ಉಡುಪು, ಮೀಸೆ, ಸವಾರಿಯ ಕ್ರಮಗಳನ್ನು ಉಳಿಸಿಕೊಂಡಿತೆಂಬುದೇ ಈ ಚರಿತ್ರೆಯ ಆದಿಪರ್ವ. ಕಾಲಕ್ರಮದಲ್ಲಿ ಹಂಗೇರಿಯವರು ವಿರಳರಾಗಿ, ಆಲ್ಸಾಸ್ ಮತ್ತು ಲೊರೇನ್ ಪ್ರಾಂತಗಳ ಜರ್ಮನ್ ಭಾಷಿಕರು ಆ ಸ್ಥಾನಗಳನ್ನು ತುಂಬಿದರು. ಜನ ಬೇರೆಯಾದರು, ಮಾತು ಬೇರೆಯಾಯಿತು. ಉಡುಪು ಮಾತ್ರ ನಿಂತಿತು.

'ಹುಸಾರ್' ಶಬ್ದದ ವಿಷಯವಾಗಿ ಎರಡು ಮಾತು. ಹಂಗೇರಿ ಭಾಷೆಯಲ್ಲಿ 'ಹೂಸ್' ಎಂದರೆ ಇಪ್ಪತ್ತು. ಇಪ್ಪತ್ತು ಒಕ್ಕಲಿಗೆ ಒಬ್ಬನಂತೆ ಕೊಟ್ಟ ರಾವುತನೇ ಹುಸಾರನೆಂಬ ನಿರುಕ್ತಿಯು ಜನಪ್ರಿಯವಾಗಿದೆ. ಭಾಷಾಶಾಸ್ತ್ರಜ್ಞರಿಗೆ ಇದು ಸಮ್ಮತವಲ್ಲ. ಸ್ಲಾವ್ ಭಾಷೆಗಳ 'ಗುಸಾರ್', ಎಂದರೆ ಸೂರೆಗಾರ, ಎಂಬುದರಿಂದ ಇದು ಬಂದಿತೆಂದೂ, ಅದರ ಮೂಲವು ಕಡಲುಗಳ್ಳನೆಂಬರ್ಥದ ಲ್ಯಾಟಿನ್ ಶಬ್ದವೆಂದೂ ಅವರ ಅಭಿಪ್ರಾಯ. ಕುಲವು ಸೂರೆಗಾರರಿಂದ ಮೊದಲಾಯಿತೆನ್ನುವುದಕ್ಕಿಂತ ಒಕ್ಕಲುಗಳ ಲೆಕ್ಕದಿಂದ ಮೊದಲಾಯಿತೆನ್ನುವುದು ಗೌರವಾಸ್ಪದವಷ್ಟೆ! (ನಮ್ಮ 'ಹುಷಾರು' ಪಾರಸಿಯಿಂದ ಬಂದುದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.)

ಇನ್ನು ಪ್ರಕೃತಕ್ಕೆ ಬರೋಣ. ರಾಜಶಾಸನದ ಕಾಲದಲ್ಲಿ ಅನೇಕ ದಳಗಳಿಗೆ ಒಡೆಯನ ಹೆಸರೇ ಹೆಸರು. 1791ರಲ್ಲಿ ಕ್ರಾಂತಿಕಾರರು ಹೆಸರುಗಳನ್ನು ತೆಗೆದು ಅಂಕಗಳನ್ನಿಟ್ಟಾಗ ಬೆರ್ಶೆನಿಯು 'ಒಂದನೆಯ ಹುಸಾರ್' ಆಯಿತು. ಎರಡು ವರ್ಷಗಳೊಳಗೆ ಇದಕ್ಕಿಂತ ಘನವಾದ ವಿಚ್ಛೇದವೊಂದು ಒದಗಿತು. ವಾಲ್ಮಿ ಮತ್ತು ಜೆಮಾಪ್ ಕದನಗಳಲ್ಲಿ ಗೆದ್ದ ಸೇನಾಪತಿ ದ್ಯುಮೂರಿಯೇ 1793ರ ಏಪ್ರಿಲಿನಲ್ಲಿ ಗಣರಾಜ್ಯವನ್ನು ತೊರೆದು ಆಸ್ಟ್ರಿಯನರನ್ನು ಸೇರಿದಾಗ, ಬೆರ್ಶೆನಿ ರಾವುತರಲ್ಲಿ ಒಂದು ಭಾಗವು ಅವನ ಹಿಂದೆ ಹೋಯಿತು. ಹೋದವರು ಬೆರ್ಶೆನಿ ಎಂಬ ಹೆಸರಿನಿಂದಲೇ ಆಸ್ಟ್ರಿಯದ ಸೈನ್ಯದಲ್ಲಿ ಸೇವೆ ಮಾಡಿದರು. ಉಳಿದವರು ಅಂಕವನ್ನು ಹೊತ್ತು ಫ್ರಾನ್ಸಿನ ಪರವಾಗಿ ಕಾದಿದರು. ಹೆಸರು ಒಂದು ಕಡೆ, ಅಂಕ ಇನ್ನೊಂದು ಕಡೆ! ಹ್ಯಾಪ್ಸ್‌ಬರ್ಗರಿಂದ ತಪ್ಪಿಸಿಕೊಂಡು ಬಂದವರು ಕಟ್ಟಿದ ದಳದ ಅರ್ಧಾಂಶವು 73 ವರ್ಷಗಳ ಅನಂತರ ಅದೇ ಹ್ಯಾಪ್ಸ್‌ಬರ್ಗರ ಆಶ್ರಯಕ್ಕೆ ಹೋದುದು ಕಾವ್ಯಕ್ಕೆ ಒಪ್ಪುವ ವಿಪರ್ಯಾಸ. ಇವೆರಡರಲ್ಲಿ ಯಾವುದು ಬೆರ್ಶೆನಿ? ಒಂದು ದೀಪದಿಂದ ಎರಡು ದೀಪಗಳನ್ನು ಹೊತ್ತಿಸಿದರೆ ಯಾವುದನ್ನು ಮೊದಲಿನ ಜ್ವಾಲೆಯೆನ್ನಬೇಕು? ಇಂದಿನ ದಳವು ಅಂಕವನ್ನೂ ಹೆಸರನ್ನೂ ಎರಡನ್ನೂ ತನ್ನದೆನ್ನುತ್ತದೆ. ಹಾಗೆನ್ನುವುದಕ್ಕೆ ಅಡ್ಡಿಯಿಲ್ಲ; ಆದರೆ ಚರಿತ್ರಕಾರನು 1793ನ್ನು ಒಂದೇ ವಾಕ್ಯದಲ್ಲಿ ದಾಟಿಹೋಗಲಾಗದು.

ಈ ಪ್ರಶ್ನೆಗೆ ಉತ್ತರದ ಎಳೆಯೊಂದು ಚರಿತ್ರಗ್ರಂಥಗಳಿಗಿಂತ ಆತ್ಮಕಥೆಯೊಂದರಲ್ಲಿ ಹೆಚ್ಚು ಸ್ಫುಟವಾಗಿ ದೊರೆಯುತ್ತದೆ. ಜನರಲ್ ಮಾರ್ಬೊ 1799ರಲ್ಲಿ, ಹದಿನೇಳರ ಪ್ರಾಯದಲ್ಲಿ, ಸಾಮಾನ್ಯ ರಾವುತನಾಗಿ ಈ ದಳಕ್ಕೆ ಸೇರಿದವನು. ಅವನ ಸ್ಮೃತಿಗ್ರಂಥವು 1891ರಲ್ಲಿ, ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಪ್ರಕಟವಾಯಿತು. ಅತಿಶಯೋಕ್ತಿಗೆ ಹೆಸರಾದ ಗ್ರಂಥವಾದುದರಿಂದ ಅದರ ಯುದ್ಧವರ್ಣನೆಗಳನ್ನು ಶೋಧಿಸಿಯೇ ಸ್ವೀಕರಿಸಬೇಕು. ಆದರೆ ಈ ಒಂದು ಸಂಗತಿಯಲ್ಲಿ ಆತನಿಗೆ ಸುಳ್ಳಾಡಿ ಬರುವ ಲಾಭವಿಲ್ಲ: ಮೀಸೆ ಮೂಡದ ಹುಡುಗನ ಮುಖವು ಸಾಲಿನಲ್ಲಿ ಬೇರೆಯಾಗಿ ಕಾಣುವುದೆಂದು ಪೆರ್ತಲೆ ಎಂಬ ಹಳೆಯ ರಾವುತನು ಕರಿಯ ಮೇಣದಿಂದ ಅವನಿಗೆ ದೊಡ್ಡ ಕೊಕ್ಕೆಮೀಸೆಗಳನ್ನು ಬರೆದನಂತೆ, ಅದು ಬಿಸಿಲಿನಲ್ಲಿ ಒಣಗಿ ಚರ್ಮವನ್ನು ಹಿಂಡುತ್ತಿತ್ತಂತೆ.

ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನು ನೋಡಿ 'ಇದು ಅದೇ ಕೂದಲು' ಎನ್ನುವ ಪ್ರತ್ಯಭಿಜ್ಞೆಯು ಸಾದೃಶ್ಯದಿಂದ ಹುಟ್ಟಿದ ಭ್ರಮೆಯೆಂದು ನಮ್ಮ ಶಾಸ್ತ್ರಕಾರರು ಉದಾಹರಿಸುವುದುಂಟು. ಇಲ್ಲಿಯಾದರೋ ಕೂದಲೂ ಇಲ್ಲ, ಬರೆದುದು! ಆದರೂ ಇದನ್ನು ಕೇವಲ ಭ್ರಮೆಯೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ಅನುವೃತ್ತಿಯು ತಾನಾಗಿ ಇರುವ ವಸ್ತುವಲ್ಲ. ಹಳಬನೊಬ್ಬನು ಹೊಸಬನ ಮುಖದ ಮೇಲೆ ಬೆರಳಿನಿಂದ ಮಾಡುವ ಕಾರ್ಯವದು. ಪೆರ್ತಲೆಯಂತಹ ರಾವುತರು ಮಾಡಿದುದನ್ನು ಗ್ರಂಥಕಾರರು ಕರ್ನಲರ ನಾಮಾವಳಿಗೆ ಒಪ್ಪಿಸುತ್ತಾರೆಂಬುದೇ ನನ್ನ ಆಕ್ಷೇಪ.

ಮುಂದಿನ ವಿಚ್ಛೇದಗಳನ್ನು ಸಂಕ್ಷೇಪವಾಗಿ ಹೇಳಬಹುದು. ವಾಟರ್‌ಲೂ ಸೋಲಿನ ಮೇಲೆ 1815ರಲ್ಲಿ ಹದಿನೆಂಟನೆಯ ಲೂಯಿಯು ನೆಪೋಲಿಯನನ ಸೈನ್ಯವನ್ನು ವಿಸರ್ಜಿಸಿದನು. ಹೊಸದಾಗಿ ಕಟ್ಟಿದ ಹುಸಾರ್ ದಳಗಳಿಗೆ ಜಿಲ್ಲೆಗಳ ಹೆಸರುಗಳನ್ನು ಕೊಟ್ಟರು. ಹಳೆಯ ನೆನಪು ಅಳಿಯಲೆಂದೇ ಮಾಡಿದ ಕಾರ್ಯವಿದು. ಅಳಿಯಲಿಲ್ಲವೆಂಬುದು ಬೇರೆ ಮಾತು. 1946ರಲ್ಲಿ ದಳವು ಕೊಡೆ ಹಿಡಿದು ವಿಮಾನದಿಂದ ಧುಮುಕುವ ಪಡೆಯಾಯಿತು. ಈಗ ಅದರ ನೆಲೆ ಪಿರೆನೀಸ್ ಪರ್ವತಗಳ ಬಳಿಯ ತಾರ್ಬ್ ಪಟ್ಟಣ. ವಾಹನ, ಆರು ಚಕ್ರಗಳ ಕವಚರಥ. ಎಲ್ಲವನ್ನು ಕಳೆದುಕೊಂಡರೂ ಕೀರ್ತಿಯನ್ನು ಕಾಯುವುದನ್ನು ಮರೆಯಬೇಡವೆಂಬರ್ಥದ ಲ್ಯಾಟಿನ್ ವಾಕ್ಯವು ಅದರ ಧ್ಯೇಯವಾಕ್ಯ. ದೇಶ, ಭಾಷೆ, ದೊರೆ, ಕುದುರೆ ಎಲ್ಲವನ್ನೂ ಒಂದೊಂದಾಗಿ ಬಿಟ್ಟ ದಳಕ್ಕೆ ಇದಕ್ಕಿಂತ ಅನುರೂಪವಾದ ವಾಕ್ಯವನ್ನು ಊಹಿಸಲಾಗದು. ಆದರೆ ಕೀರ್ತಿಯನ್ನು ಕಾಯುವುದು ಪ್ರಶಸ್ತಿಯ ಧರ್ಮ, ಇತಿಹಾಸದ್ದಲ್ಲ.

ಇತಿಹಾಸಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯೇನೂ ಇಲ್ಲ. ಹದಿನೆಂಟನೆಯ ಶತಮಾನದ ಫ್ರೆಂಚ್ ದಳಗಳ ಹಾಜರಿಪಟ್ಟಿಗಳು ವಿನ್‌ಸೆನ್ನಿನ ಸೈನಿಕ ದಫ್ತರದಲ್ಲಿವೆ. ಪ್ರತಿಯೊಬ್ಬ ಸಿಪಾಯಿಯ ಹೆಸರು, ಹುಟ್ಟಿದೂರು, ಎತ್ತರ, ಮುಖಲಕ್ಷಣಗಳನ್ನು ಅವುಗಳಲ್ಲಿ ಬರೆದಿಟ್ಟಿದ್ದಾರೆ. ಆಂದ್ರೆ ಕೊರ್ವಿಸಿಯೇ ಎಂಬ ವಿದ್ವಾಂಸನು ಇಂತಹ ಪಟ್ಟಿಗಳನ್ನೇ ಆಧರಿಸಿ ಆ ಕಾಲದ ಸಾಮಾನ್ಯ ಸಿಪಾಯಿಯನ್ನು ಕುರಿತು ಬರೆದ ಮಹಾಪ್ರಬಂಧವು 1964ರಲ್ಲಿ ಪ್ರಕಟವಾಯಿತು. ಸ್ಯುಜಾನನಲ್ಲಿ ಕರ್ನಲರು ಬರುತ್ತಾರೆ, ಹೋಗುತ್ತಾರೆ. ಕೊರ್ವಿಸಿಯೇಯಲ್ಲಿ ಊರು ಬಿಟ್ಟ ಮನುಷ್ಯರು ಕಾಣುತ್ತಾರೆ. ಬೆರ್ಶೆನಿಯ ಚರಿತ್ರೆಯನ್ನು ಮುಂದೆ ಬರೆಯುವವರು ಈ ಎರಡನೆಯ ಮಾರ್ಗವನ್ನು ಹಿಡಿದು, 1793ರಲ್ಲಿ ಹೋದವರನ್ನೂ ಉಳಿದವರನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕವಾಗಿ ಅಚ್ಚು ಹಾಕಿಸತಕ್ಕುದು.