ಉಭಯಕುಶಲೋಪರಿಯ ಸಾಹಿತ್ಯ

ಹಿಂದಿನ ಕಾಲದ ಕಾಗದಗಳ ತಲೆಯಲ್ಲಿ ‘ಉಭಯಕುಶಲೋಪರಿ ಸಾಂಪ್ರತ’ ಎಂದು ಬರೆಯುವ ವಾಡಿಕೆ ಇತ್ತು. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವು ಕ್ಷೇಮವೆಂದು ನಂಬಿದ್ದೇವೆ, ಇನ್ನು ಮುಂದಿನ ಮಾತು ಎಂದು ಅದರ ಅರ್ಥ. ಬರೆಯುವವನಿಗೆ ಜ್ವರ ಬಂದಿದ್ದರೂ, ಓದುವವರ ಮನೆಯಲ್ಲಿ ಸಾವಾಗಿದ್ದರೂ ಆ ಸಾಲು ಮಾತ್ರ ತಪ್ಪುತ್ತಿರಲಿಲ್ಲ. ಪರದೇಶಕ್ಕೆ ಓದಲು ಹೋದವರನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆಯನ್ನು ಈಚೆಗೆ ಒಟ್ಟಾಗಿ ನೆನೆದಾಗ, ಅದರ ಬಹುಭಾಗ ಈ ಒಂದು ಸಾಲಿನಲ್ಲಿಯೇ ನಿಂತುಬಿಟ್ಟಿದೆ ಎಂದು ನನಗೆ ತೋರಿತು. ಹೊರಟ ದಿನದ ಸಡಗರವಿದೆ, ಕಡಲಿದೆ, ಹೊಸ ವಿಚಾರಗಳಿವೆ, ಮರಳಿ ಬಂದ ಮೇಲಿನ ತಳಮಳವೂ ಇದೆ. ನಡುವಿನ ಎರಡು ಮೂರು ವರ್ಷ ಆ ಹುಡುಗ ಏನು ಉಂಡ, ಬಟ್ಟೆ ಎಲ್ಲಿ ಒಗೆದ, ಬಾಡಿಗೆಗೆ ಹಣ ಸಾಲದ ತಿಂಗಳಲ್ಲಿ ಏನು ಮಾಡಿದ ಎಂಬುದು ಮಾತ್ರ ಇಲ್ಲ.

ಪ್ರವಾಸ ಸಾಹಿತ್ಯ ನಮ್ಮಲ್ಲಿ ಬಡವಾಗಿಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಇದೆ, ‘ಅಮೆರಿಕದಲ್ಲಿ ಗೊರೂರು’ ಇದೆ, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಇದೆ. ಆದರೆ ಇವೆಲ್ಲ ಅತಿಥಿಯ ಕಣ್ಣಿನಿಂದ ಕಂಡ ದೇಶಗಳು. ಅತಿಥಿ ಬಾಡಿಗೆ ಕೊಡುವುದಿಲ್ಲ. ನೋಡುವುದು ಮುಗಿದ ಕೂಡಲೆ ಹೊರಡುತ್ತಾನೆ. ವಿದ್ಯಾರ್ಥಿ ನೋಡುವುದು ಮುಗಿದ ಮೇಲೆಯೂ ಅಲ್ಲಿರಬೇಕಾದವನು. ಅವನ ನಿಜವಾದ ಕಥೆ ಶುರುವಾಗುವುದು ಹೊಸತನವೆಲ್ಲ ತೀರಿಹೋದ ಎರಡನೆಯ ತಿಂಗಳಿನಿಂದ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಸಂಶೋಧನೆಗೆಂದು ಹಾರ್ವರ್ಡಿಗೆ ಹೋಗಿದ್ದವರು. ತಮ್ಮ ಪುಸ್ತಕವನ್ನು ‘ಅಮೆರಿಕದಲ್ಲಿ ನಾನು’ ಎಂದು ಕರೆದಾಗ ಅವರಿಗೆ ಈ ವ್ಯತ್ಯಾಸ ಹೊಳೆದಿತ್ತೆಂದು ನನ್ನ ಊಹೆ. ಅಲ್ಲಿ ‘ನಾನು’ ಎಂಬ ಮಾತಿಗೆ ತೂಕವಿದೆ. ಆದರೆ ಸ್ವಾಮಿಯವರದು ನಗೆಯ ದಾರಿ, ಅದು ಎಲ್ಲರಿಗೂ ದಕ್ಕುವಂಥದಲ್ಲ.

ಇದಕ್ಕೆ ಮಾದರಿ ಇರಲಿಲ್ಲವೆಂದಲ್ಲ. ಗಾಂಧೀಜಿ 1888 ರಿಂದ 1891 ರ ವರೆಗೆ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದರು. ಅವರ ಆತ್ಮಕಥೆಯ ಆ ಅಧ್ಯಾಯಗಳಲ್ಲಿ ಬ್ಯಾರಿಸ್ಟರ್ ಓದಿಗಿಂತ ಹೊಟ್ಟೆಯ ವಿಷಯವೇ ಹೆಚ್ಚು. ಉಪ್ಪುಖಾರವಿಲ್ಲದೆ ಬೇಯಿಸಿದ ಕಾಯಿಪಲ್ಲೆ, ಮತ್ತೊಂದು ತುಂಡು ಬ್ರೆಡ್ಡು ಕೇಳಲು ನಾಚಿಕೆ, ಶಾಕಾಹಾರದ ಊಟದ ಮನೆಯನ್ನು ಹುಡುಕುತ್ತ ಹತ್ತು ಹನ್ನೆರಡು ಮೈಲಿ ಅಲೆದದ್ದು, ಕಡೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಅದು ಸಿಕ್ಕಾಗಿನ ಸಂತೋಷ, ಸ್ವತಃ ಕಾಯಿಸಿಕೊಂಡ ಓಟ್ಸಿನ ಗಂಜಿ, ಪ್ರತಿ ಕಾಸಿನ ಲೆಕ್ಕ. ಇದನ್ನೆಲ್ಲ ಓದಿದ ಕನ್ನಡಿಗರು ತಾವು ಬರೆಯುವಾಗ ಅದನ್ನೇಕೆ ಬಿಟ್ಟರು?

ಈ ಪ್ರಶ್ನೆಯನ್ನು ಒಂದು ಸೀಮೆಯ ಮಟ್ಟಿಗೆ ಇಟ್ಟುಕೊಂಡು ನೋಡುವುದು ಒಳ್ಳೆಯದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳು 1997 ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೂ ಧಾರವಾಡ ಜಿಲ್ಲೆಯವು. ಇಲ್ಲಿಯ ಹುಡುಗರಿಗೆ ಮೊದಲನೆಯ ಪರಸ್ಥಳವೆಂದರೆ ಧಾರವಾಡವೇ. ಅಲ್ಲಿ ಕೋಣೆ ಹಿಡಿದು ಓದುವವನಿಗೆ ಊರಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿದ ಗಂಟನ್ನು ತಾಯಿ ಬಸ್ಸಿನವನ ಕೈಗೆ ಕೊಟ್ಟರೆ ಅದು ಹೊತ್ತು ಮೀರದೆ ಮಗನನ್ನು ಮುಟ್ಟುತ್ತಿತ್ತು. ಈ ಸೀಮೆಯ ಮಟ್ಟಿಗೆ ಪರದೇಶವೆಂದರೆ ಬುತ್ತಿ ಮುಟ್ಟಲಾರದ ಸ್ಥಳ ಎಂದು ವ್ಯಾಖ್ಯಾನ ಮಾಡಬಹುದು.

ಬುತ್ತಿಯೂ ಇಲ್ಲದವರಿಗೆ ವಾರಾನ್ನವಿತ್ತು, ಮಠಗಳ ಪ್ರಸಾದ ನಿಲಯಗಳಿದ್ದವು. ವಿಶೇಷವೆಂದರೆ ಸ್ವದೇಶದ ಈ ಹಸಿವನ್ನು ಕನ್ನಡ ಆತ್ಮಕಥೆಗಳು ಯಾವ ಸಂಕೋಚವೂ ಇಲ್ಲದೆ ಹೇಳಿವೆ. ಭೈರಪ್ಪನವರ ‘ಭಿತ್ತಿ’ಯನ್ನು ಓದಿದವರಿಗೆ ಆ ಹುಡುಗ ಉಣ್ಣದ ಹೊತ್ತುಗಳು ಇಂದಿಗೂ ನೆನಪಿರುತ್ತವೆ. ಮೈಸೂರಿನಲ್ಲಿ ಹಸಿದದ್ದನ್ನು ಹೇಳಲು ನಾಚದ ಕನ್ನಡ, ಆಕ್ಸ್‌ಫರ್ಡಿನಲ್ಲಿ ಚಳಿಯಾದದ್ದನ್ನು ಹೇಳಲು ಏಕೋ ಹಿಂಜರಿಯುತ್ತದೆ. ಊರೆಲ್ಲ ಸೇರಿ ಕಳಿಸಿದವನು, ಅಲ್ಲಿ ತನಗೆ ಕಷ್ಟವಾಯಿತೆಂದರೆ ಕಳಿಸಿದವರಿಗೆ ಅವಮಾನವಲ್ಲವೆ?

ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, 1909 ರಲ್ಲಿ. ಆಗ ಅದು ನವಾಬರ ಪುಟ್ಟ ಸಂಸ್ಥಾನ. ಅಲ್ಲಿಂದ ಧಾರವಾಡದ ಕರ್ನಾಟಕ ಕಾಲೇಜು, ಬಳಿಕ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪನ, 1936 ರಲ್ಲಿ ಆಕ್ಸ್‌ಫರ್ಡು. ಎರಡು ವರ್ಷಗಳ ಮೇಲೆ ಪ್ರಥಮ ದರ್ಜೆಯೊಂದಿಗೆ ತಿರುಗಿ ಬಂದು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಹೋಗುವಾಗ ಅವರಿಗೆ ಇಪ್ಪತ್ತೇಳು. ತಾವೇ ಅಧ್ಯಾಪಕರಾಗಿದ್ದವರು ಮತ್ತೆ ವಿದ್ಯಾರ್ಥಿಯ ಬೆಂಚಿಗೆ ಬಂದದ್ದು. ಆಕ್ಸ್‌ಫರ್ಡಿನ ಕ್ರಮವೆಂದರೆ ಎಂಟೆಂಟು ವಾರಗಳ ಅವಧಿ, ವಾರಕ್ಕೊಂದು ಪ್ರಬಂಧ, ಅದನ್ನು ಬೋಧಕರ ಎದುರು ಕುಳಿತು ಗಟ್ಟಿಯಾಗಿ ಓದುವುದು. ತರಗತಿಯಲ್ಲಿ ನೂರು ಜನರ ಮುಂದೆ ಮಾತನಾಡಿ ರೂಢಿಯಾದ ಒಬ್ಬ ಕನ್ನಡ ಕವಿಗೆ ಆ ಮೊದಲ ವಾರದ ಓದು ಹೇಗಿದ್ದೀತು! ಇದು ಒಂದು ಕಾದಂಬರಿಗೆ ಸಾಕಾಗುವ ಸಾಮಗ್ರಿ.

ಆ ಯಾನ ಕನ್ನಡ ಕಾವ್ಯಕ್ಕೆ ಕೊಟ್ಟದ್ದು ‘ಸಮುದ್ರಗೀತೆಗಳು’. ಅದು ಸಣ್ಣ ಕೊಡುಗೆಯಲ್ಲ. ಕಡಲನ್ನು ಎದುರಿಗಿಟ್ಟುಕೊಂಡಾಗ ಹಳೆಯ ಮಟ್ಟುಗಳು ಸಾಲವೆಂದು ಗೋಕಾಕರಿಗೆ ಅನಿಸಿ, ಸಾಲಿನ ಉದ್ದವನ್ನು ಅಲೆಗೆ ಬಿಟ್ಟುಕೊಟ್ಟರು. ಕನ್ನಡದ ಮುಕ್ತಛಂದಕ್ಕೆ ಅಲ್ಲೊಂದು ದಾರಿಯಾಯಿತು. ಬಯಲುಸೀಮೆಯ ಹುಡುಗನ ಕಾಲಡಿಯ ನೆಲ ಅಲುಗಿದ್ದು ಛಂದಸ್ಸಿನಲ್ಲಿ ದಾಖಲಾಗಿದೆಯೆಂದು ನಾನು ಧಾರಾಳವಾಗಿ ಒಪ್ಪುತ್ತೇನೆ. ಆದರೆ ಅಲ್ಲಿ ನಿಂತಿರುವವನು ಕಡಲನ್ನು ಕಂಡ ಕವಿಯೇ ಹೊರತು ಕಡಲು ದಾಟಿ ಕೋಣೆ ಹಿಡಿದ ವಿದ್ಯಾರ್ಥಿಯಲ್ಲ. ಅವರ ಗದ್ಯಗ್ರಂಥದ ಹೆಸರನ್ನಾದರೂ ನೋಡಿರಿ: ‘ಸಮುದ್ರದಾಚೆಯಿಂದ’. ಆ ‘ಇಂದ’ ಎಂಬ ಪ್ರತ್ಯಯ ಬಹಳ ಹೇಳುತ್ತದೆ. ಬರೆಯುವವನ ಮುಖ ಈಚೆಯ ದಡದ ಕಡೆಗಿದೆ. ಅವನು ಈಚೆಯವರಿಗೆ ಸುದ್ದಿ ಕಳಿಸುತ್ತಿದ್ದಾನೆ. ಸುದ್ದಿ ಕಳಿಸುವವನು ಹೇಳಬಹುದಾದದ್ದನ್ನು ಆರಿಸಿಕೊಳ್ಳುತ್ತಾನೆ.

ಅಡಿಗೆಮನೆಯ ಲೆಕ್ಕ ಸಾಹಿತ್ಯವೆ, ನವೋದಯದ ಕವಿ ನೋಡಬೇಕಾದದ್ದು ಮೇಲಿನ ಎತ್ತರವನ್ನಲ್ಲವೆ ಎಂದು ಕೇಳುವ ಸಹೃದಯರಿದ್ದಾರೆ. ಅವರಿಗೆ ನಾನು ಈ ಸೀಮೆಯ ಹಿರಿಯರನ್ನೇ ತೋರಿಸುತ್ತೇನೆ. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಅದರಲ್ಲಿ ಮೇಲು ಕೀಳಿನ ಪ್ರಶ್ನೆಯನ್ನೆಲ್ಲ ಇಟ್ಟರು. ಅದೇ ತಾಲೂಕಿನ ಶಿಶುನಾಳ ಶರೀಫರಿಗೆ ಸೋರುವ ಮನೆಯೇ ತತ್ವಕ್ಕೆ ಸಾಕಾಯಿತು. ಕಾಳಿನಲ್ಲಿ, ಮಾಳಿಗೆಯಲ್ಲಿ ಇಷ್ಟನ್ನು ಕಂಡ ನಾಡಿನವನಿಗೆ ಆಲೂಗಡ್ಡೆಯಲ್ಲಿ, ಕಲ್ಲಿದ್ದಲಿನ ಒಲೆಯಲ್ಲಿ ಏನೂ ಕಾಣದೆ ಹೋಯಿತೆಂದರೆ ನಂಬಲಾರೆ. ಕಂಡಿರಬೇಕು, ಬರೆಯಲಿಲ್ಲ.

ಸವಣೂರಿನಲ್ಲಿಯೇ ಇನ್ನೊಂದು ಸಾಕ್ಷಿಯಿದೆ. ಅಲ್ಲಿಯ ಮಠದ ಆವರಣದಲ್ಲಿ ಮೂರು ಬೃಹತ್ ಬಾವೊಬಾಬ್ ಮರಗಳು ಶತಮಾನಗಳಿಂದ ಇವೆ. ಆಫ್ರಿಕೆಯ ಜಾತಿ, ಸಮುದ್ರ ದಾಟಿ ಬಂದದ್ದು. ಜನ ಅದನ್ನು ‘ದೊಡ್ಡಹುಣಸೆ’ ಎಂದು ಕರೆದರು. ಹುಣಸೆಗೂ ಅದಕ್ಕೂ ನೆಂಟಸ್ತನವಿಲ್ಲ, ಕಾಯಿಯ ಹುಳಿಯೊಂದು ಸಾಕಾಯಿತು. ತನಗೆ ಗೊತ್ತಿರುವ ಹೆಸರನ್ನು ಗೊತ್ತಿಲ್ಲದ ವಸ್ತುವಿಗೆ ಕೊಟ್ಟು ಅದರ ಕೆಳಗೆ ಕೂಡುವುದು, ನೆಲೆಗೊಳ್ಳುವುದೆಂದರೆ ಮೊದಲು ಇಷ್ಟೇ. 2023 ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಪರದೇಶದ ಮರವೆಂದು ಯಾರೂ ಬಿಟ್ಟುಬಿಡಲಿಲ್ಲ. ಆಕ್ಸ್‌ಫರ್ಡಿನಲ್ಲಿ, ಲೀಡ್ಸಿನಲ್ಲಿ ನಮ್ಮವರು ಯಾವ ವಸ್ತುವಿಗೆ ಯಾವ ಕನ್ನಡ ಹೆಸರಿಟ್ಟರೆಂಬ ಪಟ್ಟಿಯೊಂದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ನವ್ಯರು ಬಂದ ಮೇಲೆ ಕುಶಲೋಪರಿ ಮುಗಿಯಬೇಕಿತ್ತು, ಪೂರ್ತಿ ಮುಗಿಯಲಿಲ್ಲ. ಶಾಂತಿನಾಥ ದೇಸಾಯಿಯವರ ‘ಕ್ಷಿತಿಜ’ದಲ್ಲಿ ಓದಲು ಹೊರಟ ಹೆಣ್ಣುಮಗಳಿದ್ದಾಳೆ, ಕಟ್ಟುಗಳು ಒಂದೊಂದಾಗಿ ಸಡಿಲವಾಗುವುದನ್ನು ಅಷ್ಟು ಸೂಕ್ಷ್ಮವಾಗಿ ಬರೆದವರು ಕಡಿಮೆ. ಆದರೆ ಕತೆಯ ಬಹುಭಾಗ ಹಡಗಿನ ಮೇಲೆಯೇ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದು, ಬರ್ಗ್‌ಮನ್ನನ ಚಿತ್ರವೊಂದನ್ನು ಗುರುಗಳಾದ ಮ್ಯಾಲ್ಕಮ್ ಬ್ರಾಡ್ಬರಿಯವರೊಂದಿಗೆ ನೋಡಿ ಬಂದ ಬಳಿಕ ‘ಸಂಸ್ಕಾರ’ ಬರೆದ ಸಂಗತಿ ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಕೋಣೆಯಲ್ಲಿ ಕುಳಿತು ಮಲೆನಾಡಿನ ಅಗ್ರಹಾರ! ದೂರದಿಂದ ಊರು ನಿಚ್ಚಳವಾಗಿ ಕಂಡಿತು, ಸರಿ, ಕೋಣೆ ಕಾಣಲಿಲ್ಲ. ‘ಕ್ಲಿಪ್ ಜಾಯಿಂಟ್’ ಕತೆಯಲ್ಲಿ ಇಂಗ್ಲೆಂಡೇನೋ ನೇರವಾಗಿ ಬರುತ್ತದೆ, ಆದರೆ ಅಲ್ಲಿ ಅದು ಪೂರ್ವಪಶ್ಚಿಮಗಳ ವಾದಕ್ಕೆ ಒದಗಿದ ಭೂಮಿಕೆ. ಸವಣೂರು ತಾಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರೂ ಲೀಡ್ಸಿಗೆ ಹೋಗಿ ಭಾಷಾವಿಜ್ಞಾನ ಓದಿದವರು. ಮಾತಿನ ಮೊನೆಗೆ ಹೆಸರಾದ ಈ ಚಂಪಾ ನೆನಪಾಗುವುದು ‘ಸಂಕ್ರಮಣ’ದಿಂದ, ‘ಕೊಡೆಗಳು’ ನಾಟಕದಿಂದ, ಗೋಕಾಕ್ ಚಳವಳಿಯ ಬೀದಿಗಳಿಂದ. ಲೀಡ್ಸಿನ ಹುಡುಗನಾಗಿ ಅಲ್ಲ. (ಒಂದೇ ತಾಲೂಕಿನ ಇಬ್ಬರು ಇಂಗ್ಲಿಷ್ ಪ್ರಾಧ್ಯಾಪಕರು, ಆಕ್ಸ್‌ಫರ್ಡಿನವರೊಬ್ಬರು ಲೀಡ್ಸಿನವರೊಬ್ಬರು, ಒಬ್ಬರು 1981 ರಲ್ಲಿ ವರದಿ ಕೊಟ್ಟು ಇನ್ನೊಬ್ಬರು ಅದರ ಜಾರಿಗಾಗಿ ಕೂಗಿ, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಬೇಡಿದರೆಂಬುದು ಬೇರೆಯದೇ ಲೇಖನದ ವಿಷಯ.)

ಕುಶಲೋಪರಿಯ ಈ ವಾಡಿಕೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ಬಲ್ಲ ಕತೆ ನನಗೆ ತಿಳಿದಂತೆ ಒಂದೇ: ಎ.ಕೆ. ರಾಮಾನುಜನ್ನರ ‘ಅಣ್ಣಯ್ಯನ ಮಾನವಶಾಸ್ತ್ರ’. ಅಣ್ಣಯ್ಯ ಮೈಸೂರಿನ ಹುಡುಗ, ಶಿಕಾಗೋದಲ್ಲಿದ್ದಾನೆ. ಊರಿನಲ್ಲಿದ್ದಾಗ ತಿರುಗಿಯೂ ನೋಡದ ಆಚಾರಗಳನ್ನು ಅಮೆರಿಕದ ಪಂಡಿತರ ಪುಸ್ತಕಗಳಲ್ಲಿ ಆಸೆಯಿಂದ ಓದುತ್ತಾನೆ. ಶ್ರಾದ್ಧವೇನು, ಸೂತಕವೇನು, ಎಲ್ಲದಕ್ಕೂ ಅಲ್ಲಿ ವಿವರಣೆ ಇದೆ, ಚಿತ್ರವಿದೆ. ಒಂದು ದಿನ ಅಂಥ ಪುಸ್ತಕವೊಂದರಲ್ಲಿ ಪರಿಚಿತ ಮನೆಯೊಂದು ಕಾಣುತ್ತದೆ, ಚಿತೆಯ ಮೇಲೆ ಪರಿಚಿತ ಮುಖವೊಂದು ಕಾಣುತ್ತದೆ. ಫೋಟೋ ತೆಗೆದವನು ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿರುವ ದಾಯಾದಿ ಸುಂದರರಾಯ. ಪುಟ ತಿರುವಿದರೆ ತಲೆ ಬೋಳಿಸಿದ ವಿಧವೆ, ಅವನ ತಾಯಿ. ಪರದೇಶದಲ್ಲಿರುವ ಹುಡುಗನಿಗೆ ತಿಳಿಸುವುದು ಬೇಡವೆಂದು ಮನೆಯವರು ಮುಚ್ಚಿಟ್ಟಿದ್ದರು. ಕಾಗದಗಳು ಬರುತ್ತಲೇ ಇದ್ದವು.

ಈ ಕತೆಯನ್ನು ಪಾಶ್ಚಾತ್ಯ ಪಾಂಡಿತ್ಯದ ಕಟಕಿಯೆಂದು ಹೊಗಳುವವರು ಬಹಳ. ಅದೂ ನಿಜ. ಆದರೆ ಕತೆಯನ್ನು ಓದಿದಾಗಲೆಲ್ಲ ನನ್ನ ಎದೆಗೆ ತಾಗುವುದು ಪಂಡಿತನ ಪುಸ್ತಕವಲ್ಲ, ತಾಯಿಯ ಕಾಗದ. ಅವನ ಮೇಲಿನ ಪ್ರೀತಿಯಿಂದಲೇ ಅವನಿಗೆ ಸುಳ್ಳು ಹೇಳಿದರು. ಅವನು ಕೂಡ ಮನೆಗೆ ಬರೆದ ಕಾಗದಗಳಲ್ಲಿ ತನ್ನ ಚಳಿಯನ್ನು, ಒಂಟಿತನವನ್ನು ಬರೆದಿರಲಾರ. ಎರಡೂ ದಡಗಳಲ್ಲಿ ಎಲ್ಲರೂ ಕ್ಷೇಮ. ಆ ಕ್ಷೇಮದ ನಡುವೆ ಒಬ್ಬ ತಂದೆ ಸುಟ್ಟು ಬೂದಿಯಾಗಿದ್ದಾನೆ, ಮಗನಿಗೆ ಸೂತಕ ತಟ್ಟಿಲ್ಲ. ರಾಮಾನುಜನ್ ತಾವೇ 1959 ರಲ್ಲಿ ಅಮೆರಿಕಕ್ಕೆ ವಿದ್ಯಾರ್ಥಿಯಾಗಿ ಹೋಗಿ ಅಲ್ಲಿಯೇ ನೆಲೆಸಿದವರು. ಗ್ರಂಥಾಲಯದ ಕಪಾಟಿನ ಮುಂದೆ ನಿಂತ ಒಂದು ದಿನಚರಿಯ ಕ್ಷಣದಿಂದ ಇಷ್ಟನ್ನು ಅವರು ತೆಗೆದದ್ದನ್ನು ನೋಡಿದರೆ, ವಿದ್ಯಾರ್ಥಿಯ ನಿತ್ಯಜೀವನದಲ್ಲಿ ಸಾಹಿತ್ಯಕ್ಕೆ ಏನಿದೆ ಎಂಬ ಪ್ರಶ್ನೆ ನಿಲ್ಲುವುದಿಲ್ಲ.

ಇದು ಹಳೆಯ ಪುಸ್ತಕಗಳ ಚರ್ಚೆ ಮಾತ್ರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗೋಕಾಕರ ಕಾಲದಲ್ಲಿ ಸೀಮೆಗೊಬ್ಬರು ಹೋಗುತ್ತಿದ್ದರು. ಈಗ ಹಳ್ಳಿಯ ಹುಡುಗರು ಸಾಲ ಮಾಡಿ ವೈದ್ಯಕೀಯ ಓದಲು ಪೂರ್ವ ಯುರೋಪಿನ ಊರುಗಳಿಗೆ ಹೋಗುತ್ತಾರೆ. 2022 ರ ಮಾರ್ಚ್ 1 ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಸಿಕ್ಕಿ ಮಡಿದ. ತಿನ್ನುವ ಸಾಮಾನು ತರಲೆಂದು ಹೊರಗೆ ಹೋಗಿದ್ದ. ಅಂಥ ಹುಡುಗರು ಅಲ್ಲಿ ಎಲ್ಲಿ ದಿನಸಿ ಕೊಳ್ಳುತ್ತಾರೆ, ಎಷ್ಟು ಜನ ಸೇರಿ ಒಂದು ಒಲೆ ಹಚ್ಚುತ್ತಾರೆ, ಯಾವ ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದು ನಮ್ಮಲ್ಲಿ ಅನೇಕರ ಕಿವಿಗೆ ಮೊದಲ ಬಾರಿಗೆ ಬಿದ್ದದ್ದು ಆ ಸಾವಿನ ಸುದ್ದಿಯಲ್ಲಿ. ಪತ್ರಿಕೆಗಳು ಸೀಟಿನ ಬೆಲೆಯನ್ನು ಚರ್ಚಿಸಿದವು, ವಿಮಾನಗಳನ್ನು ಎಣಿಸಿದವು. ಅಲ್ಲಿಂದ ಮರಳಿದ ಹುಡುಗ ಹುಡುಗಿಯರ ಕೈಯಿಂದ ಆ ದಿನಗಳ ಸಾದಾ ಕಥೆಯೊಂದು ಕನ್ನಡದಲ್ಲಿ ಪುಸ್ತಕವಾಗಿ ಬಂದದ್ದನ್ನು ನಾನು ಕಂಡಿಲ್ಲ.

ಕಾಗದಗಳು ಹೋದವು, ಈಗ ಫೋನಿನಲ್ಲಿ ಮುಖವೇ ಕಾಣುತ್ತದೆ. ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ತಾಯಿಯ ಮೊದಲ ಪ್ರಶ್ನೆ ಇಂದಿಗೂ ಒಂದೇ, ‘ಊಟ ಆತೇನಪಾ?’ ಆ ಕಡೆಯಿಂದ ಬರುವ ಉತ್ತರವೂ ಒಂದೇ, ‘ಆತು ಯವ್ವಾ.’